ಬೆನ್ನ ಮೇಲೆ ರಸಮಟ್ಟ

೧

ಎಲ್ಲಿಂದ ಶುರು ಮಾಡಲಿ ಹೇಳಿ. ಸೈಕಲ್ಲಿನಿಂದ ಶುರು ಮಾಡಿದರೆ ಇದು ಪೇಪರಿನ ಕ್ರೀಡಾ ಪುಟಕ್ಕೆ ಬರೆದದ್ದೆಂದು ಹಾಳೆ ಮಗುಚುತ್ತೀರಿ. ಶಹಾಬಾದದ ಕಲ್ಲಿನ ಅಡ್ಡೆಯಿಂದ ಶುರು ಮಾಡಿದರೆ ಕಾರ್ಮಿಕರ ಕಥೆ ಎಂದು ಒಂದು ಖಾನೆಗೆ ಹಾಕಿ ಬೀಗ ಜಡಿಯುತ್ತೀರಿ. ಪೀರಮ್ಮನಿಂದ ಶುರು ಮಾಡೋಣವೆಂದರೆ ಆಕೆ ಬಾಗಿಲ ಹಿಂದೆ ನಿಂತುಬಿಟ್ಟಿದ್ದಾಳೆ, ಕರೆದರೆ ಓ ಅನ್ನುವುದಿಲ್ಲ. ಒಂದು ತಿಂಗಳಿಂದ ಮೊದಲ ವಾಕ್ಯ ಬರೆಯುವುದು, ಹೊಡೆದು ಹಾಕುವುದು, ಇದೇ ನನ್ನ ಉದ್ಯೋಗ. ಇದಕ್ಕಿಂತ ಜೋಳ ಬೀಸಿಸಿಕೊಂಡು ಬಂದಿದ್ದರೂ ಉಪಕಾರವಾಗುತ್ತಿತ್ತು ಎಂದು ನಮ್ಮ ಮನೆಯಲ್ಲಿ ಅನ್ನುತ್ತಾರೆ.

ಹೋಗಲಿ, ಬೆನ್ನಿನಿಂದ ಶುರು ಮಾಡುತ್ತೇನೆ.

೨

ಸಾಯಬಣ್ಣನ ಬೆನ್ನು ನೆಲಕ್ಕೆ ಸಮನಾಗಿರಲಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದರ ಮೇಲೆ ಅವನನ್ನು ಬಗ್ಗಿಸಿ ಕೂರಿಸಿ, ಬೆನ್ನ ಮೇಲೆ ಒಂದು ಫೂಟಿನ ಪಾಲಿಶ್ ಫರಸಿಕಲ್ಲು ಇಟ್ಟು, ಫರಸಿಯ ಮೇಲೆ ರಸಮಟ್ಟ ಇಟ್ಟು, ಸೂಗಪ್ಪ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಗಾಜಿನ ನಳಿಕೆಯೊಳಗಿನ ಗುಳ್ಳೆ ಭುಜದ ಕಡೆಗೆ ಸರಿದು ನಿಂತಿತ್ತು. ಅಂದರೆ ಭುಜ ಇನ್ನೂ ಎತ್ತರ. ಅಂದರೆ ಹ್ಯಾಂಡಲ್ ಇನ್ನೂ ಕೆಳಗಿಳಿಯಬೇಕು. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಕಲ್ಲನ್ನು ಹೀಗೆಯೇ ನೋಡುವುದು. ಮನುಷ್ಯನನ್ನು ಹೀಗೆ ನೋಡಿದವನು ಸೂಗಪ್ಪನೇ ಮೊದಲಿರಬೇಕು.

(ಈ ಸೂಗಪ್ಪನೇ ನಮ್ಮ ಕಥೆಯ ಮನುಷ್ಯ. ವಯಸ್ಸು ಐವತ್ತೆರಡು. ಕೊರಳಲ್ಲಿ ಲಿಂಗದ ಕರಡಿಗೆ, ಕಿವಿಯ ಮೇಲೆ ಸೀಸದ ಕಡ್ಡಿ. ಒಂದು ಪಾಲಿಶ್ ಅಡ್ಡೆಯಲ್ಲಿ ಮೂವತ್ತು ವರ್ಷ ಕಲ್ಲಿನ ಮಾಪ ಹಾಕಿದವ. ಇಂಚಿಗೆ ಎಂಟು ಸೂತು ಎಂಬುದು ಅಲ್ಲಿಯ ಲೆಕ್ಕ, ಸೂಗಪ್ಪನ ಕಣ್ಣು ಅರ್ಧ ಸೂತು ತಪ್ಪನ್ನೂ ಹಿಡಿಯುತ್ತಿತ್ತು. ಅವನು ಸರಿ ಅಂದ ಕಲ್ಲನ್ನು ಮತ್ತೆ ಅಳೆಯುವ ಪದ್ಧತಿ ಆ ಅಡ್ಡೆಯಲ್ಲಿ ಇರಲಿಲ್ಲ. ಇದನ್ನು ನೆನಪಿಡಿ ಎಂದು ನಾನು ಹೇಳಬಾರದು, ಕಥೆಗಾರರು ಹಾಗೆ ಕೈ ಹಿಡಿದು ಹೇಳಿಕೊಡಬಾರದಂತೆ. ಆದರೂ ಹೇಳಿದ್ದೇನೆ.)

೩

ಮೊದಲ ಡ್ರಾಫ್ಟಿನಲ್ಲಿ ಸೂಗಪ್ಪ ಇರಲೇ ಇಲ್ಲ. ಬೆಂಗಳೂರಿನಿಂದ ಬಂದ ಒಬ್ಬ ಕೋಚ್ ಇದ್ದ. ಬಿಳಿ ಬೂಟು, ಕೊರಳಲ್ಲಿ ಸೀಟಿ. ಆತ ಬಂದವನೇ ಏರೋಡೈನಮಿಕ್ಸ್ ಅಂದ, ಪೊಸಿಷನ್ ಅಂದ, ಎರಡು ಪುಟ ಬಾಯಿ ಮುಚ್ಚಲಿಲ್ಲ. ಸಾಯಬಣ್ಣ ಸೈಕಲ್ ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದ. ನನಗೇ ತಲೆ ಚಿಟ್ಟು ಹಿಡಿದು ಆ ಕೋಚನ್ನು ವಾಡಿ ಜಂಕ್ಷನ್ನಿಗೆ ಕರೆದೊಯ್ದು ರೈಲು ಹತ್ತಿಸಿ ಬಂದೆ. ಈಗ ಅನ್ನಿಸುತ್ತದೆ, ಆ ಬಡಾಯಿಕೋರನನ್ನು ಇಟ್ಟುಕೊಳ್ಳಬೇಕಾಗಿತ್ತು. ಅವನ ಕಿಸೆಯಲ್ಲಿ ಒಂದು ಡಾಕ್ಟರಿ ಪರೀಕ್ಷೆಯ ಫಾರಂ ಇತ್ತು.

೪

ಹಾಗಾದರೆ ನಡೆದದ್ದು ಏನು? ಒಂದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ವರ್ಷವಾಗಿರಲಿಲ್ಲ, ಅಡ್ಡೆಯ ಬೋರ್ಡಿನ ಮೇಲೆ ಇನ್ನೂ ಮೈಸೂರೇ ಇತ್ತು. ಕಲ್ಲು ಕೊಡಲು ಲಾರಿಯಲ್ಲಿ ಸೇಡಂಗೆ ಹೋಗಿದ್ದ ಸೂಗಪ್ಪ ಅಲ್ಲಿ ಒಂದು ಸೈಕಲ್ ಪಂದ್ಯ ನೋಡಿದ. ಗಡಿಯಾರದ ರೇಸು. ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ, ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ, ನೀನು ಮತ್ತು ಗಾಳಿ. ಯಾರು ಕಡಿಮೆ ಹೊತ್ತಿನಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ.

ಅದರಲ್ಲಿ ಮೂರನೆಯವನಾಗಿ ಬಂದವನು ಸೂಗಪ್ಪನ ಅಡ್ಡೆಯವನೇ ಆದ ಸಾಯಬಣ್ಣ. ಚಿಂಚೋಳಿ ತಾಲೂಕಿನ ಐನಾಪುರದವ, ಇಪ್ಪತ್ತೆಂಟರ ಗಂಡಸು, ಉಳಿ ಸುತ್ತಿಗೆ ಹಿಡಿದು ಕಲ್ಲಿನ ಅಂಚು ಹೊಡೆಯುವ ಕೆಲಸ. ಸಂಜೆಯಾಗುವುದರೊಳಗೆ ರೆಪ್ಪೆಯ ಕೂದಲೂ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಊರಿಗೆ ಹೋಗುವುದಿದ್ದರೆ ಬಸ್ಸಿಗೆ ಕಾಯದೆ ಸೈಕಲ್ ಮೇಲೆಯೇ ಹೋಗುತ್ತಿದ್ದ, ಕಾಲಿನ ಬಲ ಅಲ್ಲಿಂದ ಬಂದದ್ದು. ಆದರೆ ಪಂದ್ಯದಲ್ಲಿ ಕಟ್ಟೆಯ ಮೇಲೆ ಹಿರಿಯರು ಕೂತ ಹಾಗೆ ಎದೆ ಎತ್ತಿ ಕೂತಿದ್ದ. ಗೆದ್ದವನು ಹ್ಯಾಂಡಲ್ಲಿಗೆ ಗಲ್ಲ ತಾಗುವಂತೆ ಬಗ್ಗಿದ್ದ. ಇಬ್ಬರ ನಡುವೆ ನಲವತ್ತು ಸೆಕೆಂಡು. ಆ ನಲವತ್ತು ಸೆಕೆಂಡೂ ಇವನ ಎದೆಗೆ ಬಡಿದ ಗಾಳಿಯೇ ತಿಂದದ್ದು ಎಂದು ಸೂಗಪ್ಪ ಲಾರಿಯಲ್ಲಿ ಬರುವಾಗಲೇ ಲೆಕ್ಕ ಹಾಕಿದ.

ಅದೇ ಹೊತ್ತಿಗೆ ವಾಡಿ ಕಡೆಯ ಒಂದು ಕಾರ್ಖಾನೆಯವರು (ಈ ಕಾರ್ಖಾನೆಯನ್ನು ನಾನೇ ಕಟ್ಟಿದ್ದು, ಹುಡುಕಲು ಹೋಗಬೇಡಿ) ಜನವರಿಯಲ್ಲಿ ಗಡಿಯಾರದ ರೇಸು ಇಡುತ್ತೇವೆ, ಗೆದ್ದವನಿಗೆ ಟೈಮ್ ಆಫೀಸಿನಲ್ಲಿ ನೌಕರಿ ಎಂದು ಸಾರಿದರು. ಕುರ್ಚಿಯ ಮೇಲೆ ಕೂತು ಹಾಜರಿ ಹಾಕುವ ಕೆಲಸ. ಸಾಯಬಣ್ಣ ಸೂಗಪ್ಪನ ಬಳಿ ಬಂದು ಬಹಳ ಹೊತ್ತು ನಿಂತು, ಅಲ್ಲಿ ಧೂಳು ಇರುವುದಿಲ್ಲ ಅಲ್ಲವೇ ಎಂದು ಕೇಳಿದ. ಸಂಬಳ ಎಷ್ಟು ಎಂದು ಕೇಳಲಿಲ್ಲ. ಸೂಗಪ್ಪನಿಗೆ ಅದು ವಿಚಿತ್ರ ಅನ್ನಿಸಿತು, ಆದರೆ ಧೂಳು ಯಾರಿಗೆ ಬೇಕಾಗಿದೆ ಎಂದುಕೊಂಡು ಸುಮ್ಮನಾದ.

೬

(ಐದನೆಯ ಭಾಗವನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಕಲ್ಲಿಗೂ ದೇಹಕ್ಕೂ ಇರುವ ಸಂಬಂಧದ ಬಗ್ಗೆ ನನ್ನ ತತ್ವಜ್ಞಾನವಿತ್ತು. ನೀವು ಬಚಾವಾದಿರಿ.)

ಕೆಲಸ ನಡೆದದ್ದು ಹಮೀದಾಬಿಯ ಸೈಕಲ್ ಅಂಗಡಿಯಲ್ಲಿ. ಗಂಡ ತೀರಿದ ಮೇಲೆ ಆಕೆಯೇ ಅಂಗಡಿ ನಡೆಸುತ್ತಿದ್ದಳು, ನಟ್ಟು ತಿರುಗಿಸುವ ಪಾನಾ ಹಿಡಿದರೆ ಗಂಡಸರಿಗೆ ಮಾತಾಡಲು ಆಸ್ಪದ ಕೊಡುತ್ತಿರಲಿಲ್ಲ. ಮೊದಲು ಸೀಟು. ಹಿಮ್ಮಡಿ ಪೆಡಲ್ಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರಕ್ಕೆ ಏರಿಸಿದರು. ಆಮೇಲೆ ಸೂಗಪ್ಪ ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಸಾಯಬಣ್ಣನ ಮೊಣಕಾಲಿನಿಂದ ಇಳಿಬಿಟ್ಟು, ಅದು ಪೆಡಲ್ಲಿನ ನಡುವಿಗೆ ಬೀಳುವ ತನಕ ಸೀಟನ್ನು ಹಿಂದೆ ಮುಂದೆ ಸರಿಸಿದ. ಆಮೇಲೆ ಹ್ಯಾಂಡಲ್ಲನ್ನು ಬಿಚ್ಚಿ, ತಲೆಕೆಳಗು ಮಾಡಿ ಕೂರಿಸಿದರು. ಒಂದೇ ಏಟಿಗೆ ಕೈ ಅರ್ಧ ಗೇಣು ಕೆಳಗೆ ಹೋಯಿತು. ಮೊಣಕೈ ಒಳಗೆ, ಗಲ್ಲ ಕೆಳಗೆ, ಕಣ್ಣು ಮಾತ್ರ ಮೇಲೆ.

ಸರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೂ ಸೂಗಪ್ಪ ಒಂದು ಉಪಾಯ ಕಂಡುಹಿಡಿದ. ಊರ ಹೊರಗೆ ಒಂದು ಇಳಿಜಾರು ಇತ್ತು. ಗಾಳಿ ಇಲ್ಲದ ಬೆಳಗಿನಲ್ಲಿ ಸಾಯಬಣ್ಣನನ್ನು ಅದರ ನೆತ್ತಿಯಿಂದ ಬಿಡುವುದು, ಪೆಡಲ್ ತುಳಿಯುವಂತಿಲ್ಲ, ತಾನಾಗಿ ಉರುಳಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಸುಣ್ಣದ ಗೆರೆ ಎಳೆಯುವುದು. ಹ್ಯಾಂಡಲ್ಲನ್ನು ನಾಲ್ಕು ಸೂತು ಇಳಿಸಿದರೆ ಗೆರೆ ಎರಡು ಮಾರು ಮುಂದೆ ಹೋಯಿತು. ಇನ್ನೂ ನಾಲ್ಕು ಇಳಿಸಿದರೆ ಮತ್ತೆ ಒಂದೂವರೆ ಮಾರು. ರಸ್ತೆಯ ಮೇಲೆ ಸುಣ್ಣದ ಗೆರೆಗಳು ಸಾಲಾಗಿ ಬಿದ್ದವು. ಜನ ಸರ್ಕಾರದವರು ರಸ್ತೆ ಅಗಲ ಮಾಡುತ್ತಾರೆಂದು ಮಾತಾಡಿಕೊಂಡರು. ಸೂಗಪ್ಪನಿಗೆ ಜೀವನದಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಮೂವತ್ತು ವರ್ಷ ಸತ್ತ ಕಲ್ಲು ಅಳೆದವನ ಕೈಗೆ ಮುಂದಕ್ಕೆ ಓಡುವ ಒಂದು ವಸ್ತು ಸಿಕ್ಕಿತ್ತು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಪರೀಕ್ಷೆಯಲ್ಲಿ ಇತ್ತು. ಉರುಳಿಕೊಂಡು ಇಳಿಯುವುದಕ್ಕೆ ಉಸಿರು ಬೇಕಾಗಿಲ್ಲ.

(ಇಲ್ಲಿ ಸೂಗಪ್ಪ ತಡೆಯುತ್ತಾನೆ. ಆ ಮಾತು ಈಗ ಬರೆಯಬೇಡಿರಿ, ಆವಾಗ ನನಗೆ ಗೊತ್ತಿರಲಿಲ್ಲ ಅನ್ನುತ್ತಾನೆ. ಓದುವವರಿಗೆ ಗೊತ್ತಿರಲಿ ಬಿಡಪ್ಪಾ ಅಂದೆ. ಓದುವವರಿಗೆ ಗೊತ್ತಾಗಿ ಏನು ಉಪಯೋಗ ಅಂದ. ಆದರೂ ಸಾಲು ತೆಗೆದಿಲ್ಲ.)

೭

ಮೊದಲು ಗಮನಿಸಿದವಳು ಹಮೀದಾಬಿ. ನಿಜವಾಗಿ ತುಳಿಯುವಾಗ ಸಾಯಬಣ್ಣನ ಬಾಯಿ ತೆರೆದುಕೊಳ್ಳುತ್ತದೆ, ಇಳಿದ ಮೇಲೆ ಗೋಡೆ ಹಿಡಿದು ನಿಲ್ಲುತ್ತಾನೆ, ಹೊಟ್ಟೆ ಮಡಚಿ ಹೋದರೆ ಮನುಷ್ಯ ಉಸಿರು ಎಲ್ಲಿಂದ ತೆಗೆಯಬೇಕು ಎಂದು ಆಕೆ ಜಗಳ ತೆಗೆದಳು. ಕಲ್ಲು ಇಟ್ಟಲ್ಲಿ ಇರುತ್ತದೆ, ಮನುಷ್ಯ ಇರುವುದಿಲ್ಲ ಅಂದಳು. ಗುಳ್ಳೆ ನಡುವಿಗೆ ಬರಲು ಇನ್ನು ಎರಡೇ ಸೂತು ಬಾಕಿ ಇತ್ತು. ಸೂಗಪ್ಪ ಹಟಮಾರಿ, ಆದರೆ ಕೆಟ್ಟವನಲ್ಲ. ಸಾಯಬಣ್ಣನನ್ನು ಕೇಳಿದರೆ ಏನೂ ಇಲ್ಲ ಅನ್ನುತ್ತಿದ್ದ. ಅದಕ್ಕೇ ಒಂದು ಮಧ್ಯಾಹ್ನ, ಅವನು ಕೆಲಸದಲ್ಲಿದ್ದಾಗ, ಅವನ ಹೆಂಡತಿಯನ್ನೇ ಕೇಳೋಣವೆಂದು ಅವರ ಮನೆಗೆ ಹೋದ.

ಈಗ ನಿಧಾನ. ಇಡೀ ಕಥೆ ನಿಂತಿರುವುದು ಇಲ್ಲಿಯೇ.

ಪೀರಮ್ಮ ಬಾಗಿಲ ಹಿಂದೆ ನಿಂತಳು. ಸೆರಗು ಬಾಯಿಗೆ ಅಡ್ಡ. ಗಂಡ ಆಣೆ ಹಾಕಿಸಿದ್ದ: ಯಾರ ಮುಂದೂ ಹೇಳಕೂಡದು, ಕಾರ್ಖಾನೆಯವರ ಕಿವಿಗೆ ಬಿದ್ದರೆ ನೌಕರಿ ಹೋಯಿತು. ಅಂಗಳದಲ್ಲಿ ನಿಂತ ಸೂಗಪ್ಪ ಕೇಳಿದ:

"ಇಪ್ಪತ್ತು ಕಿಲೋಮೀಟರ್ ಬಗ್ಗಿಕೊಂಡೇ ಹೊಡೀಬೇಕವ್ವ. ತಡ್ಕೋತಾನಿಲ್ಲ?"

ಆಕೆ ಆಣೆಯನ್ನೂ ನೆನೆದಳು, ಗಂಡನನ್ನೂ ನೆನೆದಳು. ಆಮೇಲೆ ಆಣೆ ಮುರಿದಳು.

"ಅವರಿಗಿ ದಮ್ ಅದರಿ."

ದಮ್ ಅಂದರೆ ಕಸುವು. ದಮ್ ಇದ್ದವನು ಬಾ ಎಂದು ಕುಸ್ತಿಯ ಕಣದಲ್ಲಿ ಕರೆಯುತ್ತಾರಲ್ಲ, ಅದು. ದಮ್ ಅಂದರೆ ಉಬ್ಬಸ. ರಾತ್ರಿಯೆಲ್ಲ ಎಬ್ಬಿಸಿ ಕೂರಿಸಿ, ಮನೆಯವರು ಬೆನ್ನು ತಿಕ್ಕುತ್ತ ಕೂರುವಂತೆ ಮಾಡುತ್ತದಲ್ಲ, ಅದು. ನಮ್ಮ ಕಡೆ ಎರಡಕ್ಕೂ ಒಂದೇ ಮಾತು. ಯಾವ ಪುಣ್ಯಾತ್ಮ ಹೀಗೆ ಮಾಡಿಟ್ಟನೋ ಗೊತ್ತಿಲ್ಲ, ಸಿಕ್ಕರೆ ಕೇಳಬೇಕಾಗಿದೆ.

ಸೂಗಪ್ಪನ ಮುಖ ಅರಳಿತು.

"ಅದು ನನಗ ಗೊತ್ತದವ್ವ. ದಮ್ ಅದ ಅಂತೇ ಅಂವನ್ನ ಕೈಯಾಗ ತೊಗೊಂಡೀನಿ."

ಪೀರಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಈ ಹಿರಿಯನಿಗೆ ಎಲ್ಲ ಗೊತ್ತಿದೆ. ಬೇನೆ ಗೊತ್ತಿದ್ದೇ ಗಂಡನನ್ನು ಧೂಳಿನಿಂದ ಬಿಡಿಸಲು ಇಷ್ಟೆಲ್ಲ ಮಾಡುತ್ತಿದ್ದಾನೆ, ಎಷ್ಟು ಬಗ್ಗಬೇಕು ಎಷ್ಟು ಬಗ್ಗಬಾರದು ಎಂಬುದನ್ನೂ ಅಳೆದೇ ಮಾಡುತ್ತಿದ್ದಾನೆ. ಆಕೆ ಅವನಿಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟಳು. ಅವನು ಕುಡಿದು, ತಂಬಿಗೆ ಕೆಳಗಿಟ್ಟು, ನೇರ ಅಂಗಡಿಗೆ ಹೋಗಿ, ಕಟ್ಟಿಕೊಂಡ ಹೆಂಡತಿಯೇ ದಮ್ ಇದೆ ಅಂದಳು, ನಿನ್ನದೇನು ತಕರಾರು ಎಂದು ಹಮೀದಾಬಿಯ ಬಾಯಿ ಮುಚ್ಚಿಸಿದ. ಆಕೆ ಪಾನಾ ಕೊಟ್ಟಳು. ಅವನೇ ಎರಡು ಸೂತು ಇಳಿಸಿದ.

ಗುಳ್ಳೆ ನಡುವಿಗೆ ಬಂತು.

೮

ಜನವರಿಯ ಬೆಳಗು, ವಾಡಿ. ಚಿತ್ತಾಪುರದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ, ಅಲ್ಲಿಟ್ಟ ಪೀಪಾಯಿ ಸುತ್ತಿ ಹೊಳ್ಳಿ ಬರಬೇಕು. ಮೂಡಗಾಳಿ ಬೀಸುತ್ತಿತ್ತು, ಹೋಗುವಾಗ ಎದುರು. ಎದುರುಗಾಳಿ ಇದೆ ಎಂದು ಉಳಿದವರೆಲ್ಲ ಮುಖ ಸಣ್ಣ ಮಾಡಿಕೊಂಡರೆ ಸೂಗಪ್ಪ ಮಾತ್ರ ಒಳಗೊಳಗೇ ಹಿಗ್ಗಿದ. ಇಂಥ ಗಾಳಿಗಾಗಿಯೇ ಅಲ್ಲವೇ ಮೂರು ತಿಂಗಳು ಬೆನ್ನು ಮಟ್ಟ ಮಾಡಿದ್ದು. ಸಾಯಬಣ್ಣ ಹನ್ನೊಂದನೆಯವನು. ಅವನ ಮೈ ಚಳಿಗೆ ನಡುಗುತ್ತಿತ್ತು, ಕೆಮ್ಮನ್ನು ಎರಡು ಸಲ ನುಂಗಿದ. ಸೂಗಪ್ಪ ಅವನ ಬೆನ್ನ ಮೇಲೆ ಅಂಗೈ ಇಟ್ಟು ನೋಡಿ, ಸರಿ ಇದೆ ಅಂದ. ಸೀಟಿ ಊದಿದರು. ಬಿಟ್ಟರು.

ಪೀಪಾಯಿಯ ಬಳಿ ನಿಂತಿದ್ದವರ ಚೀಟಿ ಮೋಟಾರ್ ಸೈಕಲ್ ಮೇಲೆ ವಾಪಸು ಬಂತು. ಅರ್ಧ ದಾರಿಗೆ ಸಾಯಬಣ್ಣ ಎಲ್ಲರಿಗಿಂತ ಐವತ್ತು ಸೆಕೆಂಡು ಮುಂದೆ ಇದ್ದ. ಎದುರುಗಾಳಿಯಲ್ಲಿ. ಸೂಗಪ್ಪನ ಲೆಕ್ಕ ಒಂದು ಸೂತೂ ತಪ್ಪಿರಲಿಲ್ಲ.

೯

ಈಗ ಅಂತ್ಯಗಳು. ಇಂಥ ಕಥೆಯಲ್ಲಿ ಎರಡು ಮೂರು ಇಡುವುದು ವಾಡಿಕೆ, ಬೇಕಾದದ್ದನ್ನು ಆರಿಸಿಕೊಳ್ಳಿ.

ಅಂತ್ಯ ಒಂದು. ಮೂವತ್ತಾರು ನಿಮಿಷ ಹತ್ತು ಸೆಕೆಂಡು. ಗೆದ್ದ. ಟೈಮ್ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತ. ಕಾಗದಗಳ ಮೇಲೆ ಭಾರಕ್ಕೆ ಸೂಗಪ್ಪ ಕೊಟ್ಟ ಫರಸಿ ತುಂಡು.

ಅಂತ್ಯ ಎರಡು. ಹದಿಮೂರನೆಯ ಕಿಲೋಮೀಟರಿಗೆ ಎದೆ ಬಿಗಿಯಿತು. ಸಾಯಬಣ್ಣ ಎದ್ದು ನೆಟ್ಟಗೆ ಕೂತು, ಎದೆ ತುಂಬ ಉಸಿರೆಳೆದುಕೊಂಡು, ನಿಧಾನಕ್ಕೆ ತುಳಿಯುತ್ತ ಬಂದ. ಐದನೆಯ ನಂಬರು. ಸೂಗಪ್ಪ ಬಾಯಿಗೆ ಬಂದಂತೆ ಬೈದ. ಮರುದಿನ ಇಬ್ಬರೂ ಅಡ್ಡೆಯಲ್ಲಿ ಒಟ್ಟಿಗೆ ಬುತ್ತಿ ಬಿಚ್ಚಿದರು.

ಅಂತ್ಯ ಮೂರು.

ಮೂರನೆಯದನ್ನು ಸೂಗಪ್ಪ ಬರೆಯಗೊಡಲಿಲ್ಲ. ಪೆನ್ನಿನ ಮೇಲೆ ಕೈ ಇಟ್ಟ.

"ಸುಳ್ಳಾಟ ಸಾಕು ಮಾಡ್ರಿ. ನಾ ಹೇಳ್ತೀನಿ, ಬರ್ಕೋರಿ. ಹನ್ನೆರಡನೇದಂವ ಬಂದ, ಹದಿಮೂರನೇದಂವ ಬಂದ, ಇವ ಬರ್ಲಿಲ್ಲ. ನಾ ಒಬ್ಬರ ಸೈಕಲ್ ಕಸಗೊಂಡು ಹೋದೆ. ಹೊಳ್ಳಿ ಬರೋ ದಾರ್ಯಾಗ, ವಾಡಿಗಿ ಇನ್ನ ಆರು ಅನ್ನೋ ಕಿಲೋಮೀಟರ್ ಕಲ್ಲಿನ ಬಲ್ಲಿ ಸೈಕಲ್ ಬಿದ್ದಿತ್ತು. ಅಂವ ಕಲ್ಲಿಗಿ ಆತು ಕುಂತಿದ್ದ. ನೆಟ್ಟಗ ಕುಂತಿದ್ದ. ಉಸರು ಸಿಗ್ಲಿ ಅಂತ ಕುಂತಿರಬೇಕು. ಕಣ್ಣು ತೆರಕೊಂಡೇ ಇದ್ದವು. ಸಾಯಬಣ್ಣ, ಏಳಪ್ಪಾ ಅಂದೆ. ಭಾಳ ಸಲ ಅಂದೆ."

ಆಮೇಲೆ ಪೆನ್ನಿನ ಮೇಲಿಂದ ಕೈ ತೆಗೆದ. ಕಥೆಗಾರನಿಗೆ ಪಾತ್ರದ ಮುಂದೆ ಅಳು ಬಂದರೆ ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

(ಸಾಯಬಣ್ಣನನ್ನು ಮಣ್ಣು ಮಾಡಿದ ದಿನ ಹೆಂಗಸರ ಮಾತಿನಲ್ಲಿ ಸೂಗಪ್ಪನಿಗೆ ಆ ಶಬ್ದದ ಇನ್ನೊಂದು ಅರ್ಥ ಕೇಳಿಸಿತಂತೆ. ದಮ್ ಇತ್ತು, ಪಾಪ, ಸಣ್ಣಂದಿನಿಂದ ಇತ್ತು ಎಂದು ಯಾರೋ ಅಂದರಂತೆ. ಅವನು ಅಲ್ಲಿಯೇ ನೆಲಕ್ಕೆ ಕೂತ. ಮರುದಿನ ಅಡ್ಡೆಗೆ ಹೋಗಲಿಲ್ಲ, ಆಮೇಲೆಯೂ ಹೋಗಲಿಲ್ಲ.)

೧೦

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಅಂತ್ಯವನ್ನು ತೆರೆದಿಡುವುದು, ಓದುಗರಿಗೆ ಬಿಡುವುದು, ಇತ್ಯಾದಿ ಒಂದು ಚೆಂದದ ಪ್ಯಾರಾ ತಯಾರಿತ್ತು. ಅಷ್ಟರಲ್ಲಿ ಪೀರಮ್ಮ ಬಾಗಿಲ ಹಿಂದಿನಿಂದ ಹೊರಗೆ ಬಂದಳು. ಯಾರೋ ಆಕೆಗೆ ಇದನ್ನು ಓದಿ ಹೇಳಿದ್ದಾರೆ. ಸೆರಗು ಬಾಯಿಗೆ ಅಡ್ಡ ಇರಲಿಲ್ಲ.

"ನೀವು ಮೂರು ನಮೂನಿ ಮುಗಸ್ತೀರಿ. ನನಗ ಒಂದೇ ಬಂತು," ಅಂದಳು.

ಸೂಗಪ್ಪ ತಲೆ ಎತ್ತಲಿಲ್ಲ. ತಪ್ಪು ತನ್ನದೆಂದು, ಇನ್ನೊಂದು ಮಾತು ಕೇಳಬೇಕಾಗಿತ್ತೆಂದು ಅವನು ಏನೇನೋ ತೊದಲಿದ. ಆಕೆ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೂ ನನಗೂ ಅನುಕೂಲವಾಗುತ್ತಿತ್ತು. ಆಣೆ ಮುರಿದವಳು ಪೂರಾ ಮುರಿಯಬೇಕಾಗಿತ್ತು, ಅರ್ಧಕ್ಕೆ ನಿಲ್ಲಿಸಿದೆ ಎಂದು ತನ್ನನ್ನೇ ಅಂದುಕೊಂಡಳು.

"ಮಾತು ಆಡಿದ್ರ ಹೋಯ್ತು ಅಂತಾರ. ನಂದು ಆಡ್ಲಾರದಕ್ಕ ಹೋಯ್ತು."

ಆಮೇಲೆ ನನ್ನ ಕಡೆ ತಿರುಗಿದಳು. ಅಂತ್ಯ ಬದಲಿಸಿರಿ ಎಂದು ಕೇಳುತ್ತಾಳೆ ಅಂದುಕೊಂಡೆ, ಅದಕ್ಕೆ ಉತ್ತರವೂ ಇತ್ತು. ಆಕೆ ಅದನ್ನು ಕೇಳಲಿಲ್ಲ.

"ಏಳನೇದರಾಗ ನನ್ನ ಮಾತೊಂದು ಅದಲ್ರಿ. ದಮ್ ಅದ ಅಂತ ಬರದೀರಿ. ಅಲ್ಲಿ ದಮ್ಮಿನ ಬ್ಯಾನಿ ಅದ ಅಂತ ಬರೀರಿ. ಬ್ಯಾನಿ ಅಂಬೋದು ಒಂದ ಮಾತು, ಅಷ್ಟ ಸೇರಸ್ರಿ."

ನಾನು ಕಥೆಗಾರನ ಬುದ್ಧಿ ಬಿಡಲಿಲ್ಲ. ಹಾಗೆ ಬರೆದರೆ ಸೂಗಪ್ಪ ಪಾನಾ ಕೆಳಗಿಡುತ್ತಾನೆ, ಹ್ಯಾಂಡಲ್ ಮೇಲೇರುತ್ತದೆ, ಸಾಯಬಣ್ಣ ಜನವರಿಯಲ್ಲಿ ವಾಡಿಗೆ ಹೋಗುವುದೇ ಇಲ್ಲ, ನೌಕರಿ ಸಿಗುವುದಿಲ್ಲ, ಅದೇ ಧೂಳಿನಲ್ಲಿ ಉಳಿ ಹಿಡಿದು ಕೂತಿರುತ್ತಾನೆ, ಇನ್ನು ನಾಲ್ಕಾರು ವರ್ಷ ಕೆಮ್ಮುತ್ತ ಇರುತ್ತಾನೆ, ಅಷ್ಟೇ ಎಂದೆ. ಎಂಟು ಒಂಬತ್ತು ಎರಡೂ ಭಾಗ ಬಿದ್ದುಹೋಗುತ್ತವೆ. ಆಗ ಇದರಲ್ಲಿ ಕಥೆಯೇ ಉಳಿಯುವುದಿಲ್ಲ ಎಂದೂ ಅಂದೆ. ಅನ್ನಬಾರದಾಗಿತ್ತು.

"ನಾಕ ವರ್ಷ," ಅಂದಳು ಪೀರಮ್ಮ. ಸ್ವಲ್ಪ ಹೊತ್ತು ಅದನ್ನೇ ಎಣಿಸಿದಳು. ಆಮೇಲೆ, "ಕಥಿ ಹೋದ್ರ ಹೋಗ್ಲಿ ಬಿಡ್ರಿ," ಅಂದಳು.

ಏಳನೆಯ ಭಾಗ ತೆಗೆದು ಮುಂದಿಟ್ಟುಕೊಂಡಿದ್ದೇನೆ. ಸಾಲಿನಲ್ಲಿ ಜಾಗ ಇದೆ, ಒಂದು ಮಾತು ಹಿಡಿಯುತ್ತದೆ. ಸೂಗಪ್ಪ ನನ್ನ ಮುಖ ನೋಡುವುದಿಲ್ಲ, ನೆಲ ನೋಡುತ್ತಾನೆ. ಪೀರಮ್ಮ ಎದ್ದು ಹೋಗಿಲ್ಲ, ಬರೆದಿರೇನು ಎಂದು ಆಗಲೇ ಎರಡು ಸಲ ಕೇಳಿದಳು. ಆಕೆಗೆ ಓದಲು ಬರುವುದಿಲ್ಲ. ಬರೆದೆ ಎಂದು ಸುಳ್ಳು ಹೇಳಿದರೂ ನಂಬುತ್ತಾಳೆ. ಅದಕ್ಕೇ ಇನ್ನೂ ಏನೂ ಹೇಳಿಲ್ಲ.